ಗಡಿ ದಾಟಿದ ಮೇಲಿನ ಕಥೆ: ಒಂದು ಹಸ್ತಪ್ರತಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕ ಮಿತ್ರರೇ,

ಬದಿಯಡ್ಕದಿಂದ ನೀವು ಕಳುಹಿಸಿದ ನೀಳ್ಗತೆಯನ್ನು ಪೂರ್ತಿಯಾಗಿ ಓದಿದ್ದೇನೆ. 2021ರಲ್ಲಿ ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರವನ್ನು ಕಸಿದುಕೊಂಡ ಮೇಲೆ ಯಾಂಗೋನಿನ ವಿದ್ಯಾರ್ಥಿ ನಾಯಕನೊಬ್ಬ ಒಂದೇ ರಾತ್ರಿಯಲ್ಲಿ ಓಡಿ, ಗುಂಡಿನ ಸುರಿಮಳೆಯ ನಡುವೆ ಮುಳ್ಳುತಂತಿಯ ಬೇಲಿ ಹಾರಿ ಮಿಜೋರಾಂ ಸೇರುತ್ತಾನೆ. ಅಲ್ಲಿನ ಬೌದ್ಧ ವಿಹಾರವೊಂದರಲ್ಲಿ ಆಶ್ರಯ ಪಡೆಯುತ್ತಾನೆ. ಕೊನೆಯಲ್ಲಿ ನಿಮ್ಮ ನಿರೂಪಕ, ಕಾಸರಗೋಡಿನ ಕನ್ನಡಿಗರಾದ ನಾವೂ ಅವನಂತೆಯೇ ನೆಲೆಯಿಲ್ಲದವರು ಎನ್ನುತ್ತಾನೆ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾರೆ. ಆದರೆ ಗಡಿನಾಡಿನ ಲೇಖಕರೊಬ್ಬರು ಇಂಥ ವಸ್ತುವನ್ನು ಕೈಗೆತ್ತಿಕೊಂಡದ್ದು ನನಗೆ ನಿಜವಾಗಿ ಸಂತೋಷ ತಂದಿದೆ. ಆದ್ದರಿಂದಲೇ ಎರಡು ಸಾಲಿನ ವಿಷಾದಪತ್ರ ಕಳುಹಿಸದೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಮುಖ್ಯ ಆಕ್ಷೇಪ ಒಂದೇ. ನಿಮ್ಮ ಕಥೆ ಆರಂಭವಾಗಬೇಕಾದ ಕಡೆ ಮುಗಿದುಹೋಗಿದೆ. ಮುಕ್ಕಾಲು ಪಾಲು ಪುಟಗಳು ಓಟಕ್ಕೇ ಖರ್ಚಾಗಿವೆ. ಗಡಿ ದಾಟಿದವನು ಮರುದಿನ ಬೆಳಗ್ಗೆ ಎದ್ದು ಏನು ಮಾಡುತ್ತಾನೆ, ಯಾರಿಗೆ ಅರ್ಜಿ ಬರೆಯುತ್ತಾನೆ, ತನ್ನನ್ನು ಏನೆಂದು ಹೇಳಿಕೊಳ್ಳುತ್ತಾನೆ ಎಂಬ ಪ್ರಶ್ನೆಗಳಿಗೆ ನಿಮ್ಮಲ್ಲಿ ಒಂದು ಪುಟವೂ ಇಲ್ಲ. ದೇಶಭ್ರಷ್ಟನ ಬದುಕಿನಲ್ಲಿ ಓಟ ಕೆಲವು ದಿನಗಳದ್ದು, ಕಾಯುವಿಕೆ ವರ್ಷಗಟ್ಟಲೆಯದ್ದು.

ಓಟದ ಭಾಗದಲ್ಲಿಯೂ ನೆಲದ ಪರಿಚಯ ಸಾಲದು. ಯಾಂಗೋನಿನಿಂದ ಮಿಜೋರಾಂ ಗಡಿಗೆ ನೂರಾರು ಕಿಲೋಮೀಟರ್ ದೂರವಿದೆ. ನಡುವೆ ಮ್ಯಾನ್ಮಾರಿನ ಪಶ್ಚಿಮ ಅಂಚಿನ ಚಿನ್ ರಾಜ್ಯದ ಬೆಟ್ಟಗಳೂ ಸೇನೆಯ ತಪಾಸಣಾ ಠಾಣೆಗಳೂ ಇವೆ. ಯಾಂಗೋನಿನ ಹೋರಾಟಗಾರರಲ್ಲಿ ಅನೇಕರು ಪೂರ್ವಕ್ಕೆ ಹೋಗಿ, ಮೋಯಿ ನದಿ ದಾಟಿ ಥಾಯ್ಲೆಂಡಿನ ಮೇ ಸೋಟ್ ಪಟ್ಟಣ ಸೇರಿದರು. ಮಿಜೋರಾಮಿಗೆ ಬಂದವರಲ್ಲಿ ಹೆಚ್ಚಿನವರು ಚಿನ್ ಜನ. ಆದ್ದರಿಂದ ಒಂದೋ ನಾಯಕನನ್ನು ಮೇ ಸೋಟಿಗೆ ಕಳುಹಿಸಿ, ಇಲ್ಲವೇ ಅವನನ್ನು ಚಿನ್ ರಾಜ್ಯದ ಫಲಾಮ್ ಕಡೆಯ ಚಿನ್ ಯುವಕನನ್ನಾಗಿ ಮಾಡಿ. ಎರಡನೆಯದನ್ನು ಆರಿಸಿಕೊಂಡರೆ ಬೌದ್ಧ ವಿಹಾರವನ್ನು ಬಿಡಬೇಕಾಗುತ್ತದೆ, ಏಕೆಂದರೆ ಚಿನ್ನರಲ್ಲಿಯೂ ಮಿಜೋಗಳಲ್ಲಿಯೂ ಬಹುಪಾಲು ಜನ ಕ್ರೈಸ್ತರು. ಬಂದವರಿಗೆ ಅನ್ನ, ಬಟ್ಟೆ, ಸೂರು ಹೊಂದಿಸಿದ್ದು ಊರಿನ ಚರ್ಚುಗಳು, ಯಂಗ್ ಮಿಜೋ ಅಸೋಸಿಯೇಶನ್ ಎಂಬ ಸಮಾಜಸೇವಾ ಸಂಘಟನೆ ಮತ್ತು ಸಾಮಾನ್ಯ ಮನೆಗಳವರು. ಮುಳ್ಳುತಂತಿಯನ್ನೂ ತೆಗೆಯಿರಿ. ಜೋಖಾವ್ತಾರ್ ಎಂಬ ಹಳ್ಳಿಯ ಬಳಿ ಎರಡು ದೇಶಗಳನ್ನು ಬೇರ್ಪಡಿಸುವುದು ತಿಯಾವು ಎಂಬ ನದಿ. ಬೇಸಗೆಯಲ್ಲಿ ಅದನ್ನು ನಡೆದೇ ದಾಟಬಹುದು. ಮಿಜೋಗಳ ನಂಬಿಕೆಯಲ್ಲಿ ಸತ್ತವರ ಆತ್ಮಗಳು ಹಾದುಹೋಗುವ ರಿಹ್ ದಿಲ್ ಸರೋವರ ಇರುವುದು ಆಚೆ ದಡದಲ್ಲಿ, ಮ್ಯಾನ್ಮಾರಿನ ನೆಲದಲ್ಲಿ. ಗಡಿಯ ಎರಡೂ ಬದಿಯ ಜನ 16 ಕಿಲೋಮೀಟರಿನವರೆಗೆ ವೀಸಾ ಇಲ್ಲದೆ ಓಡಾಡುವ ವ್ಯವಸ್ಥೆಯೂ ಆಗ ಇತ್ತು. ಅದನ್ನು ರದ್ದುಪಡಿಸುವುದಾಗಿ ಕೇಂದ್ರ ಸರ್ಕಾರ ಘೋಷಿಸಿದ್ದು 2024ರ ಫೆಬ್ರವರಿಯಲ್ಲಿ. ಇಷ್ಟನ್ನು ತಿಳಿದುಕೊಂಡರೆ ಗಡಿ ದಾಟುವ ದೃಶ್ಯಕ್ಕೆ ಗುಂಡಿನ ಸದ್ದು ಬೇಕಾಗುವುದಿಲ್ಲ.

ನಾಯಕನ ವಿಷಯಕ್ಕೆ ಬರುತ್ತೇನೆ. ಅವನು ಮೊದಲ ಸಾಲಿನಿಂದಲೇ ವೀರ. ಭಾಷಣ ಮಾಡುತ್ತಾನೆ, ಹೆದರುವುದಿಲ್ಲ, ಹಸಿಯುವುದೂ ಇಲ್ಲ. 2021ರ ಫೆಬ್ರವರಿ 1ರಂದು ಚುನಾಯಿತ ಸರ್ಕಾರದ ನಾಯಕಿ ಆಂಗ್ ಸಾನ್ ಸೂ ಕಿ ಅವರನ್ನೂ ಅಧ್ಯಕ್ಷ ವಿನ್ ಮಿಂಟ್ ಅವರನ್ನೂ ಬಂಧಿಸಿದ ಮೇಲೆ ಬೀದಿಗಿಳಿದವರಲ್ಲಿ ಶಿಕ್ಷಕರು, ವೈದ್ಯರು, ರೈಲ್ವೆ ನೌಕರರು, ಬ್ಯಾಂಕಿನ ಗುಮಾಸ್ತರು ಇದ್ದರು. ಇವರಲ್ಲಿ ಬಹಳ ಮಂದಿ ಮಾಡಿದ ಅಪರಾಧವೆಂದರೆ ಸೇನೆಯನ್ನು ವಿರೋಧಿಸಿ ಕೆಲಸಕ್ಕೆ ಹೋಗದಿದ್ದದ್ದು. ಅದೇ ವರ್ಷದ ಮಾರ್ಚ್ ಆರಂಭದಲ್ಲಿ ಮಿಜೋರಾಮಿಗೆ ಬಂದವರಲ್ಲಿ ಪೊಲೀಸರೂ ಇದ್ದರು. ಪ್ರತಿಭಟನಕಾರರ ಮೇಲೆ ಗುಂಡು ಹಾರಿಸುವ ಆಜ್ಞೆಯನ್ನು ಪಾಲಿಸಲಾರದೆ ಬಂದೆವೆಂದು ಅವರು ಹೇಳಿದರು. ಫಲಾಮಿನ ಅಧಿಕಾರಿ ಮಿಜೋರಾಮಿನ ಗಡಿ ಜಿಲ್ಲೆಯಾದ ಚಾಂಫಾಯ್‌ನ ಜಿಲ್ಲಾಧಿಕಾರಿಗೆ ಪತ್ರ ಬರೆದು, ಎರಡು ದೇಶಗಳ ಸ್ನೇಹವನ್ನು ಉಳಿಸಿಕೊಳ್ಳುವ ಸಲುವಾಗಿ ಎಂಟು ಮಂದಿ ಪೊಲೀಸರನ್ನು ಹಿಂದಕ್ಕೆ ಒಪ್ಪಿಸಬೇಕೆಂದು ಕೇಳಿದ್ದರು. ಅಂಥ ಒಬ್ಬ ಕಾನ್‌ಸ್ಟೇಬಲ್ ನಿಮ್ಮ ಕಥೆಯ ನಾಯಕನಾದರೆ ಹೇಗೆ ಎಂದು ಯೋಚಿಸಿ. ಹಿಂದಿನ ದಿನದವರೆಗೆ ಅವನು ಯಾವ ರಾಜಕೀಯಕ್ಕೂ ಸೇರಿದವನಲ್ಲ. ಒಂದು ಆಜ್ಞೆಗೆ ಒಲ್ಲೆ ಎಂದ ಗಳಿಗೆಯಲ್ಲಿ ಅವನ ಸಂಬಳ, ವಸತಿಗೃಹ, ಸಮವಸ್ತ್ರ, ದೇಶ ಎಲ್ಲವೂ ಹೋದವು. ಅವನು ಬಂದ ಊರಿನಲ್ಲಿ ಅವನನ್ನು ಸಂಶಯದಿಂದ ನೋಡುವ ನಿರಾಶ್ರಿತರೂ ಇರುತ್ತಾರೆ, ಏಕೆಂದರೆ ಅವರನ್ನು ಹೊಡೆದದ್ದು ಅದೇ ಸಮವಸ್ತ್ರ.

ಇನ್ನು ಕಾಗದಪತ್ರಗಳ ವಿಚಾರ. ಇದನ್ನು ನೀವು ಒಣ ವಿಷಯವೆಂದು ಬಿಟ್ಟಿರಬಹುದು. ನನ್ನ ಮಟ್ಟಿಗೆ ಕಥೆಯ ಜೀವ ಇಲ್ಲಿಯೇ ಇದೆ. ಭಾರತವಾಗಲಿ ಥಾಯ್ಲೆಂಡ್ ಆಗಲಿ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆಗ ಜಾರಿಯಲ್ಲಿದ್ದ 1946ರ ವಿದೇಶಿಯರ ಕಾಯ್ದೆಯ ಕಣ್ಣಿಗೆ, ಜೀವಭಯದಿಂದ ಓಡಿಬಂದವನೂ ಕಳ್ಳಸಾಗಣೆಗೆ ಬಂದವನೂ ಒಂದೇ ಬಗೆಯ ಅಕ್ರಮ ವಲಸಿಗರು. 2021ರ ಮಾರ್ಚ್ 10ರಂದು ಕೇಂದ್ರ ಗೃಹ ಸಚಿವಾಲಯ ಈಶಾನ್ಯದ ನಾಲ್ಕು ಗಡಿ ರಾಜ್ಯಗಳಿಗೆ ಪತ್ರ ಬರೆದು, ಯಾರಿಗೂ ನಿರಾಶ್ರಿತನೆಂಬ ಸ್ಥಾನ ಕೊಡುವ ಅಧಿಕಾರ ರಾಜ್ಯಗಳಿಗಿಲ್ಲವೆಂದು ನೆನಪಿಸಿತು. ಬಂದವರು ನಮ್ಮ ರಕ್ತಸಂಬಂಧಿಗಳು, ಅವರನ್ನು ಹೇಗೆ ಹಿಂದಕ್ಕೆ ಅಟ್ಟುವುದು ಎಂಬ ನಿಲುವಿನಿಂದ ಆಗಿನ ಮಿಜೋರಾಂ ಮುಖ್ಯಮಂತ್ರಿ ಜೋರಾಂಥಂಗಾ ಪ್ರಧಾನಿಗೆ ಪತ್ರ ಬರೆದರು. ಅತ್ತ ಮಣಿಪುರದ ಉಚ್ಚ ನ್ಯಾಯಾಲಯ 2021ರ ಮೇ 3ರಂದು, ಮೋರೆ ಎಂಬ ಗಡಿ ಪಟ್ಟಣದಲ್ಲಿದ್ದ ಮ್ಯಾನ್ಮಾರಿನ ಏಳು ಮಂದಿಗೆ, ಅವರಲ್ಲಿ ಪತ್ರಕರ್ತರೂ ಇದ್ದರು, ದೆಹಲಿಗೆ ಹೋಗಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ರಕ್ಷಣೆ ಕೋರಲು ಸುರಕ್ಷಿತ ದಾರಿ ಮಾಡಿಕೊಟ್ಟಿತು. ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕು ಪೌರನಲ್ಲದವನಿಗೂ ಇದೆ ಎಂಬುದು ಅದಕ್ಕೆ ಆಧಾರ. ಈ ಎಳೆದಾಟದ ನಡುವೆ ನಿಂತ ಮನುಷ್ಯನೊಬ್ಬನನ್ನು ಬರೆಯಲು ನಿಮಗೆ ಬೇರಾವ ಸಾಹಸ ದೃಶ್ಯ ಬೇಕು?

ಪಾಸ್‌ಪೋರ್ಟ್ ಎಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕುಂಬಳೆಯಿಂದ ಮಂಜೇಶ್ವರದವರೆಗೆ ಗಲ್ಫಿಗೆ ಹೋದವರಿಲ್ಲದ ಬೀದಿ ಸಿಗುವುದು ಕಷ್ಟ. ದುಬೈಯಲ್ಲಿರುವ ನಮ್ಮ ಹುಡುಗನ ಪಾಸ್‌ಪೋರ್ಟ್ ಅವಧಿ ಮುಗಿಯುತ್ತ ಬಂದರೆ ಅವನು ಅರ್ಜಿ ತುಂಬಿ, ಫೋಟೊ ತೆಗೆಸಿ, ಶುಲ್ಕ ಕಟ್ಟಿ ಕಾಯುತ್ತಾನೆ. ಕಷ್ಟಕಾಲದಲ್ಲಿ ತನ್ನ ದೇಶದ ರಾಯಭಾರ ಕಚೇರಿಯ ಬಾಗಿಲು ತಟ್ಟುತ್ತಾನೆ. ನಿಮ್ಮ ನಾಯಕನಿಗೆ ಆ ಬಾಗಿಲೇ ಅಪಾಯದ ಜಾಗ. ಅದರೊಳಗೆ ಕುಳಿತಿರುವುದು ಅವನು ಯಾರಿಂದ ತಪ್ಪಿಸಿಕೊಂಡು ಬಂದನೋ ಅವರ ಅಧಿಕಾರಿಗಳು. ಅರ್ಜಿಯಲ್ಲಿ ಈಗಿನ ವಿಳಾಸ ಬರೆದರೆ ಅದು ಯಾರ ಕೈಗೆ ಹೋಗುತ್ತದೆ, ತಂದೆಯ ಹೆಸರು ಬರೆದರೆ ಊರಿನಲ್ಲಿ ಯಾರ ಮನೆಯ ಬಾಗಿಲು ಒಡೆಯುತ್ತಾರೆ ಎಂದು ಅವನು ಲೆಕ್ಕ ಹಾಕಬೇಕು. ಬೇಕಾದವನು ಸಿಗದಿದ್ದಾಗ ಅವನ ಮನೆಯವರನ್ನು ಹಿಡಿದೊಯ್ದದ್ದು, ವಿರೋಧಿಗಳ ಮನೆಗಳಿಗೆ ಮುದ್ರೆ ಹಾಕಿದ್ದು, 2022ರ ಮಾರ್ಚಿನಲ್ಲಿ ಕೆಲವರ ಪೌರತ್ವವನ್ನೇ ಕಿತ್ತುಹಾಕಿದ್ದು, ಇವೆಲ್ಲ ಮ್ಯಾನ್ಮಾರಿನಲ್ಲಿ ನಡೆದಿವೆ. ಆ ಅರ್ಜಿಯ ಒಂದೊಂದು ಖಾನೆಯ ಮುಂದೆ ಅವನ ಪೆನ್ನು ನಿಲ್ಲುವುದನ್ನು ನೀವು ಬರೆದರೆ, ಗಲ್ಫಿನ ವ್ಯವಹಾರ ಬಲ್ಲ ನಮ್ಮ ಓದುಗರಿಗೆ ಅವನ ಸ್ಥಿತಿ ತಾನಾಗಿ ತಿಳಿಯುತ್ತದೆ.

ಕೊನೆಯ ಪುಟದ ಹೋಲಿಕೆಯನ್ನು ಮಾತ್ರ ಪೂರ್ತಿ ಕೈಬಿಡಿ ಎಂದು ಒತ್ತಾಯಿಸುತ್ತೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು ಇಲ್ಲಿನ ಕನ್ನಡಿಗರಿಗೆ ಆರದ ನೋವು. ಶಾಲೆ, ಕಚೇರಿ, ನೇಮಕಾತಿಗಳಲ್ಲಿ ಕನ್ನಡ ಹಿಂದೆ ಬಿದ್ದುದರ ವಿರುದ್ಧ ನಮ್ಮ ಪತ್ರಿಕೆಯೂ ಬರೆಯುತ್ತ ಬಂದಿದೆ. ಆದರೆ ನಾವು ಬೀದಿಗಿಳಿದು ಘೋಷಣೆ ಕೂಗಿ ಸಂಜೆ ಮನೆಗೆ ಬಂದು ಊಟ ಮಾಡುತ್ತೇವೆ. ಮತ ಹಾಕುತ್ತೇವೆ, ನ್ಯಾಯಾಲಯಕ್ಕೆ ಹೋಗುತ್ತೇವೆ. ಮ್ಯಾನ್ಮಾರಿನಲ್ಲಿ 2022ರ ಜುಲೈಯಲ್ಲಿ ಹೋರಾಟಗಾರ ಕೋ ಜಿಮ್ಮಿ ಮತ್ತು ಮಾಜಿ ಸಂಸದ ಫ್ಯೋ ಜೇಯಾ ಥಾ ಸೇರಿದಂತೆ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಈ ಎರಡನ್ನೂ ಒಂದೇ ವಾಕ್ಯದಲ್ಲಿ ಸಮ ಮಾಡಿದರೆ ಅವರಿಗೂ ಅನ್ಯಾಯ, ನಮ್ಮ ಬೇಡಿಕೆಗಳಿಗೂ ಅನ್ಯಾಯ. ಗಡಿನಾಡಿನ ಅನುಭವ ನಿಮಗೆ ಉಪಯೋಗಕ್ಕೆ ಬರುವುದು ಬೇರೆ ಕಡೆ. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಕರ್ನಾಟಕ-ಕೇರಳ ಗಡಿಯ ತಲಪಾಡಿಯ ದಾರಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್‌ಗಳು ನಿಂತದ್ದನ್ನು ನೀವು ಬಲ್ಲಿರಿ. ನೆಂಟರ ಊರು ಒಂದು ಬೆಳಗ್ಗೆ ಪರರಾಜ್ಯವಾಗುವುದು ಹೇಗೆಂದು ಬಲ್ಲಿರಿ. ತಿಯಾವು ದಡದ ಮಿಜೋ ಮನೆಯವಳು ಆಚೆ ದಡದವನಿಗೆ ಯಾಕೆ ಬಾಗಿಲು ತೆರೆಯುತ್ತಾಳೆ ಎಂದು ಬರೆಯಲು ಆ ತಿಳಿವಳಿಕೆ ಸಾಕು. ಕಾಸರಗೋಡಿನ ಹೆಸರು ಕಥೆಯಲ್ಲಿ ಬರಬೇಕಾಗಿಲ್ಲ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ನಾಮಪದಕ್ಕೂ ಒಂದು ವಿಶೇಷಣ ಬೇಡ. ನಾಯಕನಿಗೆ ಮನೆತನದ ಹೆಸರು ಕೊಟ್ಟಿದ್ದೀರಿ; ಬರ್ಮೀಯರಲ್ಲಿ ಆ ಪದ್ಧತಿ ಇಲ್ಲ, ತಿದ್ದಿಕೊಳ್ಳಿ.

ಉಳಿಸಿಕೊಳ್ಳಬೇಕಾದ ಒಂದು ಪುಟವಿದೆ. ನಾಯಕ ಫೋನ್ ಮಾಡಿದಾಗ ಅವನ ತಾಯಿ ಹೆಸರು ಹಿಡಿದು ಕರೆಯದೆ, ಗಿರಾಕಿಯೊಂದಿಗೆ ಮಾತಾಡುವಂತೆ ಅಕ್ಕಿಯ ಬೆಲೆ ಹೇಳಿ ಫೋನ್ ಇಡುತ್ತಾಳೆ. ಪಕ್ಕದಲ್ಲಿ ಯಾರಿದ್ದರೆಂದು ನೀವು ಹೇಳಿಲ್ಲ, ಹೇಳದಿದ್ದದ್ದೇ ಸರಿ. ಇಡೀ ಹಸ್ತಪ್ರತಿಯಲ್ಲಿ ನಾನು ಮತ್ತೆ ಹಿಂದಿರುಗಿ ಓದಿದ್ದು ಅದೊಂದನ್ನೇ. ಹೊಸ ಕರಡನ್ನು ಆ ಪುಟದಿಂದ ಆರಂಭಿಸಿ, ಗಡಿ ದಾಟಿದ್ದನ್ನು ಒಂದೆರಡು ಪ್ಯಾರಾಗಳಲ್ಲಿ ಮುಗಿಸಿ, ಉಳಿದ ಜಾಗವನ್ನೆಲ್ಲ ಜೋಖಾವ್ತಾರಿನ ದಿನಗಳಿಗೆ ಕೊಡಿ. ಮಳೆಗಾಲ ಮುಗಿಯುವುದರೊಳಗೆ ಕಳುಹಿಸಿದರೆ, ದೀಪಾವಳಿ ವಿಶೇಷಾಂಕದ ಪುಟಗಳನ್ನು ನಿಗದಿ ಮಾಡುವ ಮೊದಲು ಓದಿ ಅಭಿಪ್ರಾಯ ತಿಳಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ