ಹಂದಿ ಮಾಂಸದಲ್ಲಿ ಬಿಳಿ ಗುಳ್ಳೆ: ಮೂಲ ಎಲ್ಲಿ?

ಶಹಾಪುರ ತಾಲ್ಲೂಕಿನಿಂದ ನೀವು ಬರೆದ ಪತ್ರ ತಲುಪಿದೆ. ಮನೆಯಲ್ಲಿ ಕೊಯ್ದ ಹಂದಿಯ ತೊಡೆಯಲ್ಲಿ ಜೋಳದ ಕಾಳಿನಂಥ ಬಿಳಿ ಗುಳ್ಳೆಗಳು ಕಂಡವು ಎಂದಿದ್ದೀರಿ. ಗಟಾರದ ಕೊಳಕು ತಿಂದು ಹೀಗಾಯಿತೇ, ಮನೆಮನೆಗೆ ಶೌಚಾಲಯ ಬಂದಮೇಲೂ ಏಕೆ, ಜಂತುಹುಳದ ಐವರ್‌ಮೆಕ್ಟಿನ್ ಸೂಜಿ ಹಾಕಿಸಿದರೂ ಏಕೆ ಎಂದು ಕೇಳಿದ್ದೀರಿ.

ನೀವು ಹೇಳುವ ಗುರುತು ಲಾಡಿಹುಳದ ಮರಿಯದು. ಬರಿಯ ಕೊಳಕಿನಿಂದ ಅದು ಬಾರದು. ಈ ಹುಳ ಬೆಳೆದು ಮೊಟ್ಟೆಯಿಡುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಮಲದಲ್ಲಿ ಉದುರುವ ಅದರ ಒಂದೊಂದು ತುಂಡಿನಲ್ಲೂ ಸುಮಾರು 50,000 ಮೊಟ್ಟೆ ಇರುತ್ತವೆ. ಆ ಮಲ ತಿಂದ ಹಂದಿಯ ಸ್ನಾಯುವಿನಲ್ಲಿ ಎರಡು–ಮೂರು ತಿಂಗಳಲ್ಲಿ ಗುಳ್ಳೆ ಬಲಿಯುತ್ತದೆ. ಹಂದಿ ಅಡ್ಡಾಡಿದ ಕಡೆ ಹುಳ ಹೊತ್ತವರು ಒಬ್ಬರಾದರೂ ಇದ್ದಾರೆ. ಬಹಳ ಸಲ ಅವರಿಗೇ ಅದು ಗೊತ್ತಿರುವುದಿಲ್ಲ.

ಶೌಚಾಲಯ ಕಟ್ಟಿದ ಮಾತ್ರಕ್ಕೆ ಈ ದಾರಿ ಮುಚ್ಚದು. ಎರೆ ಭೂಮಿಯಲ್ಲಿ ಮಳೆಗಾಲಕ್ಕೆ ಗುಂಡಿಯ ನೀರು ಬೇಗ ಇಂಗುವುದಿಲ್ಲ. ಗುಂಡಿ ತುಂಬಿದರೆ ಜನ ಮತ್ತೆ ತಂಬಿಗೆ ಹಿಡಿದು ಬಯಲಿಗೆ ಹೋಗುತ್ತಾರೆ, ಇಲ್ಲವೇ ಪೈಪನ್ನು ಗಟಾರಕ್ಕೆ ಬಿಡುತ್ತಾರೆ. ಹಂದಿಗೆ ಎರಡೂ ಒಂದೇ. ಬಿಟ್ಟು ಮೇಯಿಸುವ ಹಂದಿಗೆ ಅಪಾಯ ಹೆಚ್ಚು, ವಯಸ್ಸಾದಂತೆ ಇನ್ನೂ ಹೆಚ್ಚು. ದೊಡ್ಡಿಯಲ್ಲಿ ಕೂಡಿದರೆ ಮೇವಿನ ಖರ್ಚು ಬೀಳುತ್ತದೆ, ಬಡ ಮನೆಗೆ ಅದು ಸಣ್ಣ ಮಾತಲ್ಲ. ಹಂದಿ ಸಾಕುವವರನ್ನಷ್ಟೇ ದೂರುವುದು ನ್ಯಾಯವೂ ಅಲ್ಲ. ಮಲ ಇಡೀ ಊರಿನದು.

ಐವರ್‌ಮೆಕ್ಟಿನ್ ಈ ಗುಳ್ಳೆಯನ್ನು ಮುಟ್ಟುವುದಿಲ್ಲ. ಕೆಲಸ ಮಾಡುವ ಮದ್ದು ಆಕ್ಸ್‌ಫೆಂಡಜೋಲ್: ಕಿಲೋ ತೂಕಕ್ಕೆ 30 ಮಿಲಿಗ್ರಾಂ, ಬಾಯಿಯ ಮೂಲಕ, ಒಂದೇ ಸಲ. 40 ಕಿಲೋ ಹಂದಿಗೆ 1.2 ಗ್ರಾಂ ಆಯಿತು. ಅಂದಾಜಿನ ಮೇಲೆ ಕಡಿಮೆ ಹಾಕಿದರೆ ಗುಳ್ಳೆ ಉಳಿಯುತ್ತದೆ, ಆದ್ದರಿಂದ ತೂಗಿಸಿ, ಪಶುವೈದ್ಯರಿಂದಲೇ ಕೊಡಿಸಿ. ಸತ್ತ ಗುಳ್ಳೆ ಕರಗಲು ಸಮಯ ಬೇಕು. ಹಾಗಾಗಿ ಮದ್ದು ಕೊಟ್ಟು ಮೂರು ತಿಂಗಳು ಕೂಡಿ ಹಾಕಿ, ಆಮೇಲೆ ಕೊಯ್ಯಿರಿ. ಎಲ್ಲ ಹಂದಿ ಕೂಡಲಾಗದವರು ಕೊಯ್ಯಲಿರುವುದನ್ನಾದರೂ ಕೂಡಲಿ. ಹೈದರಾಬಾದಿನಲ್ಲಿ ತಯಾರಾಗುವ ಸಿಸ್ವ್ಯಾಕ್ಸ್ ಲಸಿಕೆಯೂ ಇದೆ. ಮೂರು–ನಾಲ್ಕು ವಾರ ಬಿಟ್ಟು ಎರಡು ಡೋಸ್. ಅದು ಹೊಸ ಸೋಂಕು ತಡೆಯುತ್ತದೆ, ಇರುವ ಗುಳ್ಳೆ ತೆಗೆಯುವುದಿಲ್ಲ.

ಕೊಳ್ಳುವಾಗ ಹಂದಿಯನ್ನು ಮಗ್ಗುಲಿಗೆ ಕೆಡವಿ, ಬಾಯಿಗೆ ಅಡ್ಡ ಕೋಲಿಟ್ಟು, ಬಟ್ಟೆಯಿಂದ ನಾಲಗೆ ಹಿಡಿದೆಳೆದು ಅಡಿಭಾಗ ಸವರಿ ನೋಡಿ. ಗಂಟು ಸಿಕ್ಕರೆ ಬಿಡಿ. ಸಿಗದಿದ್ದರೂ ನಂಬಬೇಡಿ, ಹಗುರ ಸೋಂಕು ನಾಲಗೆಯಲ್ಲಿ ಕಾಣದು. ಮಾಂಸವನ್ನು ಸಣ್ಣ ತುಂಡು ಮಾಡಿ, ಒಳಗೆ ಕೆಂಪು ಉಳಿಯದಂತೆ ಕುದಿಸಿ; ಕೆಂಡದಲ್ಲಿ ಸುಟ್ಟದ್ದು ಹೊರಗೆ ಕರಿದಾಗಿ ಒಳಗೆ ಹಸಿಯಿರುತ್ತದೆ. ಗುಳ್ಳೆ ಕಂಡ ಮಾಂಸ ಮಾರಬೇಡಿ.

ಹಸಿಬಿಸಿ ಮಾಂಸ ತಿಂದರೆ ಹೊಟ್ಟೆಯಲ್ಲಿ ಹುಳ ಬೆಳೆಯುತ್ತದೆ. ಮಿದುಳಿಗೆ ಗುಳ್ಳೆ ಹೋಗಿ ಮೂರ್ಛೆ ತರುವುದು ಮೊಟ್ಟೆ ನುಂಗಿದಾಗ. ಹುಳವಿರುವವರು ಕೈ ತೊಳೆಯದೆ ರೊಟ್ಟಿ ಬಡಿದರೆ ಹಂದಿ ಮಾಂಸ ಮುಟ್ಟದವರಿಗೂ ಅದು ಬರಬಹುದು. ನಿಮ್ಮ ಮನೆಯವರೆಲ್ಲ ಮಲ ಪರೀಕ್ಷೆ ಮಾಡಿಸಿ. ಆ ಮಾಂಸ ತಿಂದು ಎರಡು ತಿಂಗಳಾಗಿಲ್ಲವಾದರೆ, ಆದಮೇಲೆ ಇನ್ನೊಮ್ಮೆ ಮಾಡಿಸಿ. ಯಾರಿಗಾದರೂ ಹಿಂದೆ ಫಿಟ್ಸ್ ಬಂದಿದ್ದರೆ ಹುಳದ ಗುಳಿಗೆ ನುಂಗುವ ಮೊದಲು ವೈದ್ಯರಿಗೆ ಹೇಳಲೇಬೇಕು. ಮಿದುಳಿನಲ್ಲಿ ಗುಳ್ಳೆ ಇದ್ದರೆ, ಹುಳ ಕೊಲ್ಲಲು ಕೊಡುವ ಪ್ರಾಜಿಕ್ವಾಂಟೆಲ್ ಗುಳಿಗೆ ಮತ್ತೆ ಫಿಟ್ಸ್ ತರಬಹುದು.