ಸಂಪಾದಕರ ಉತ್ತರ: ಆಟವನ್ನೇ ಮರೆತ ಜಾಹೀರಾತು

ಓದುಗರೊಬ್ಬರು ಕೇಳಿದ್ದಾರೆ: ‘ವೃತ್ತಿಪರ ಕ್ರೀಡಾ ಲೀಗ್‌ಗಳು ಪ್ರಚಾರಕ್ಕೆ ಹಣವನ್ನು ನೀರಿನಂತೆ ಚೆಲ್ಲುತ್ತವೆ. ಆಟ ಚೆನ್ನಾಗಿದ್ದರೆ ಜನ ತಾವಾಗಿಯೇ ಬರುತ್ತಾರೆ, ಚೆನ್ನಾಗಿಲ್ಲದಿದ್ದರೆ ಯಾವ ಜಾಹೀರಾತೂ ಉಳಿಸುವುದಿಲ್ಲ. ಮತ್ತೇಕೆ ಈ ಖರ್ಚು? ಪ್ರೇಕ್ಷಕರು ಹೆಚ್ಚಿದರೆ ಅದರ ಶ್ರೇಯ ಜಾಹೀರಾತಿಗೇ ಸಲ್ಲುತ್ತದೆಯೇ?’

ಎರಡನೆಯ ಮಾತು ನಿಜ, ಮೊದಲನೆಯದನ್ನು ಒಪ್ಪಲಾರೆ. ಒಳ್ಳೆಯ ಆಟವಿದ್ದೂ ‘ಇದು ನಮ್ಮಂಥವರಿಗಲ್ಲ’ ಎಂದು ದೂರ ನಿಂತವರು ಎಲ್ಲೆಡೆ ಇರುತ್ತಾರೆ. ಆಸ್ಟ್ರೇಲಿಯಾದ ರಗ್ಬಿ ಲೀಗ್ ದುಡಿಯುವ ಗಂಡಸರ ಆಟವೆಂದೇ ಹೆಸರಾಗಿತ್ತು. 1989ರಲ್ಲಿ ಅಲ್ಲಿನವರು ಗಾಯಕಿ ಟೀನಾ ಟರ್ನರ್ ಅವರನ್ನು ಪ್ರಚಾರಕ್ಕೆ ಕರೆತಂದರು. ಆಟದ ಗಂಧವೇ ಇಲ್ಲದ ಗಾಯಕಿಗೆ ಇಲ್ಲೇನು ಕೆಲಸ ಎಂದು ಹುಬ್ಬೇರಿಸಿದವರಿದ್ದರು. ಆದರೆ ಹಾಡಿನ ಜೊತೆಗೆ ತೆರೆಯ ಮೇಲಿದ್ದದ್ದು ನಿಜವಾದ ಆಟಗಾರರು, ಅವರ ಅಭ್ಯಾಸ, ಅವರ ಬೆವರು. ಹೆಂಗಸರೂ ಕುಟುಂಬಗಳೂ ಇದು ತಮ್ಮದೂ ಹೌದು ಎಂದುಕೊಂಡರು. ತಾರೆಯೊಬ್ಬರನ್ನು ತಂದು ನಿಲ್ಲಿಸಿದ್ದರಿಂದಷ್ಟೇ ಇದು ಆಗುತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು 2001ರ ಎಕ್ಸ್‌ಎಫ್‌ಎಲ್. ಅಮೆರಿಕದ ಕುಸ್ತಿ ಮನರಂಜನಾ ಸಂಸ್ಥೆಯೂ ಎನ್‌ಬಿಸಿ ವಾಹಿನಿಯೂ ಸೇರಿ ಕಟ್ಟಿದ ಅಮೆರಿಕನ್ ಫುಟ್‌ಬಾಲ್ ಲೀಗ್ ಅದು. ಚಿಯರ್‌ಲೀಡರ್‌ಗಳು, ಅಬ್ಬರ, ಹೊಡೆದಾಟ: ಜಾಹೀರಾತಿನ ಆಮಿಷ ಇಷ್ಟೇ. ಮೊದಲ ರಾತ್ರಿ ಜನ ಟಿವಿ ಮುಂದೆ ಮುಗಿಬಿದ್ದರು. ಕಂಡದ್ದು ಸಾಕಷ್ಟು ಅಭ್ಯಾಸವಿಲ್ಲದ ತಂಡಗಳ ಸಪ್ಪೆ ಆಟ. ಮುಂದಿನ ವಾರಗಳಲ್ಲಿ ವೀಕ್ಷಕರು ಕರಗಿಹೋದರು, ಒಂದೇ ಋತುವಿಗೆ ಲೀಗ್ ಬಾಗಿಲು ಮುಚ್ಚಿತು. ಕರೆಯುವ ಕೆಲಸವನ್ನು ಜಾಹೀರಾತು ಚೆನ್ನಾಗಿಯೇ ಮಾಡಿತ್ತು. ಬಂದವರಿಗೆ ಕೊಡಲು ಅಲ್ಲಿ ಏನೂ ಇರಲಿಲ್ಲ. ಮೈದಾನದ ಮೇಲೆ ತಂತಿಗಳಲ್ಲಿ ಓಡಾಡುವ ಕ್ಯಾಮೆರಾವನ್ನು ಅವರು ಬಳಸಿದ ರೀತಿಯನ್ನು ಉಳಿದ ಪ್ರಸಾರಕರು ಮುಂದೆ ಅಪ್ಪಿಕೊಂಡರು. ಇಂಥ ಹೊಸತನವನ್ನು ಹಿಂದಿಕ್ಕಿ ಚಿಯರ್‌ಲೀಡರ್‌ಗಳನ್ನು ಮುಂದಿಟ್ಟದ್ದು ನನಗೆ ಇಂದಿಗೂ ಬೇಸರ ತರಿಸುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 2008ರ ಪ್ಲೇಆಫ್‌ಗೆ, ಅಂದರೆ ಸೋತವರು ಹೊರಬೀಳುವ ಕೊನೆಯ ಹಂತದ ಪಂದ್ಯಗಳಿಗೆ, ಮಾಡಿದ ಜಾಹೀರಾತು. ಹಿಂದಿನ ವರ್ಷವಷ್ಟೇ ರೆಫರಿಯೊಬ್ಬರ ಬೆಟ್ಟಿಂಗ್ ಹಗರಣ ಬಯಲಾಗಿ ಲೀಗ್ ಮುಜುಗರಕ್ಕೀಡಾಗಿತ್ತು. ಪರದೆಯ ಎಡಕ್ಕೆ ಒಬ್ಬ ಆಟಗಾರನ ಅರ್ಧ ಮುಖ, ಬಲಕ್ಕೆ ಎದುರಾಳಿಯ ಅರ್ಧ ಮುಖ, ಎರಡೂ ಕಪ್ಪು-ಬಿಳುಪಿನಲ್ಲಿ. ಇಬ್ಬರ ಬಾಯಿಂದಲೂ ಒಂದೇ ಮಾತು. ಇಬ್ಬರಿಗೂ ಬೇಕಾದದ್ದು ಒಂದೇ, ಸಿಗುವುದು ಒಬ್ಬನಿಗೆ ಮಾತ್ರ. ಪ್ಲೇಆಫ್ ಎಂದರೆ ಏನೆಂದು ಬ್ಯಾಸ್ಕೆಟ್‌ಬಾಲ್ ತಿಳಿಯದವರಿಗೂ ಅರೆನಿಮಿಷದಲ್ಲಿ ಮನದಟ್ಟಾಗುತ್ತದೆ. ಬೇರಾವ ಲೀಗ್‌ಗೂ ಎರವಲು ಕೊಡಲಾಗದಷ್ಟು ಅದು ಆ ಆಟಗಾರರದೇ ಆಗಿತ್ತು.

ಇನ್ನು ಶ್ರೇಯದ ಪ್ರಶ್ನೆ. ಮಾಲೀಕರ ಮತ್ತು ಆಟಗಾರರ ಜಗಳದಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 2004-05ರ ಇಡೀ ಋತು ರದ್ದಾಯಿತು. ಮರಳಿ ಬಂದಾಗ ಲೀಗ್ ತೋರಿಸಿದ್ದು ಪುರಾತನ ಯೋಧನಂತೆ ಸಜ್ಜಾಗುವ ಆಟಗಾರನನ್ನು, ಅವನಿಗೆ ಉಡುಪು ತೊಡಿಸುವ ಹೆಣ್ಣನ್ನು. ಮುನಿದ ಅಭಿಮಾನಿಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಮಹಿಳಾ ಸಂಘಟನೆಯಿಂದ ಆಕ್ಷೇಪವೂ ಬಂತು. ಆದರೂ ಆ ಋತುವಿನಲ್ಲಿ ಕ್ರೀಡಾಂಗಣಗಳಿಗೆ ದಾಖಲೆ ಸಂಖ್ಯೆಯ ಜನ ಬಂದರು. ಅದೇ ವರ್ಷ ಸಿಡ್ನಿ ಕ್ರಾಸ್ಬಿ, ಅಲೆಕ್ಸಾಂಡರ್ ಒವೆಚ್ಕಿನ್ ಎಂಬ ಯುವ ಪ್ರತಿಭೆಗಳು ಮೊದಲ ಬಾರಿಗೆ ಲೀಗ್‌ನ ಕಣಕ್ಕಿಳಿದಿದ್ದರು, ಆಟದ ವೇಗ ಹೆಚ್ಚಿಸುವ ಹೊಸ ನಿಯಮಗಳು ಬಂದಿದ್ದವು. ಆ ಜನಸಾಗರವನ್ನು ಯೋಧನ ಖಾತೆಗೆ ಜಮಾ ಮಾಡಲು ನಾನಂತೂ ಸಿದ್ಧನಿಲ್ಲ.