ಗ್ರನಾಡಾದಲ್ಲಿ ಒಂದು ದಿನ: ಮೊಟ್ಟೆಯನ್ನೂ ತಿನ್ನದ ಅಪ್ಪ-ಅಮ್ಮನ ಜೊತೆ

ಸ್ಪೇನ್‌ನ ಗ್ರನಾಡಾದಲ್ಲಿ ಒಂದೇ ದಿನದಲ್ಲಿ ಅಲ್ಹಾಂಬ್ರಾ ಕೋಟೆ-ಅರಮನೆ ನೋಡಿ, ಅಪ್ಪ-ಅಮ್ಮನಿಗೆ ದಣಿವಾಗದಂತೆ ಊಟವೂ ಆಗಬೇಕು ಎಂದು ಕೇಳಿದ್ದೀರಿ. ಆಗುತ್ತೆ, ಆದರೆ ಟಿಕೆಟ್ ಮೊದಲು ಮಾಡಿ, ಹೋಟೆಲ್ ಆಮೇಲೆ. ಅಲ್ಹಾಂಬ್ರಾದೊಳಗಿನ ನಸ್ರಿದ್ ಅರಮನೆಗಳಿಗೆ ಟಿಕೆಟ್ ಮೇಲೆ ನಿಗದಿತ ಸಮಯ ಇರುತ್ತೆ, ತಪ್ಪಿದರೆ ಒಳಗೆ ಬಿಡಲ್ಲ. 10 ಗಂಟೆಯ ಆಸುಪಾಸಿನದು ತಗೊಳ್ಳಿ. ಎಲ್ಲರ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಇಸಾಬೆಲ್ ಲಾ ಕತೋಲಿಕಾ ಚೌಕದಿಂದ ಸಿ30 ಬಸ್ ಹತ್ತಿ, ಗುಡ್ಡ ಏರಿಸಬೇಡಿ. ಅಲ್ಲೇ ಇರುವ ಜೆನೆರಲೀಫೆ ತೋಟದಿಂದ ಈ ಅರಮನೆಗಳಿಗೆ ಹಿರಿಯರ ನಡಿಗೆಯಲ್ಲಿ 20 ನಿಮಿಷ ಬೇಕು. ಇದನ್ನು ಲೆಕ್ಕಕ್ಕೆ ತಗೊಳ್ಳದೆ ಜನ ಸಮಯ ತಪ್ಪಿಸಿಕೊಳ್ಳುತ್ತಾರೆ. ಅರಮನೆ ಮೊದಲು, ತೋಟ ಆಮೇಲೆ.

ಊಟ 2 ಗಂಟೆಗೆ. 4ರಿಂದ 8ರವರೆಗೆ ಬಹಳಷ್ಟು ಅಡುಗೆಮನೆ ಮುಚ್ಚಿರುತ್ತೆ. ಪಾನೀಯದ ಜೊತೆ ತಾಪಾ (ಸಣ್ಣ ತಟ್ಟೆ ತಿಂಡಿ) ಪುಕ್ಕಟೆ, ಆದರೆ ಸಾಮಾನ್ಯವಾಗಿ ಅವರು ಕೊಟ್ಟಿದ್ದೇ. ಹಾಗಾಗಿ ಪಾನೀಯ ಹೇಳುವಾಗಲೇ "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ವೇವೊ" (ಮಾಂಸ, ಹಮೋನ್, ಮೀನು, ಮೊಟ್ಟೆ ಇಲ್ಲದೆ) ಅನ್ನಿ. ಹಮೋನ್ ಬೇರೆ ಹೇಳಲೇಬೇಕು, ಒಣಗಿಸಿದ ಹಂದಿತೊಡೆಯನ್ನು ಅಲ್ಲಿ ಕೆಲವರು ಮಾಂಸದ ಲೆಕ್ಕಕ್ಕೇ ಸೇರಿಸಲ್ಲ! ಸಾಲ್ಮೊರೆಹೊ ಎಂಬ ದಪ್ಪ ಟೊಮೆಟೊ ತಣ್ಣನೆ ಸೂಪ್ ಮೇಲೆ ಮೊಟ್ಟೆ, ಹಮೋನ್ ಉದುರಿಸುತ್ತಾರೆ; ಮಿಕ್ಸ್ಡ್ ಸಲಾಡ್‌ನಲ್ಲಿ ಟ್ಯೂನಾ ಇರುತ್ತೆ. ಬೆರೆನ್‌ಹೇನಾಸ್ ಕೋನ್ ಮಿಯೆಲ್ ಕೇಳಿ: ಕರಿದ ಬದನೆಕಾಯಿ ಮೇಲೆ ನಮ್ಮ ಜೋನಿಬೆಲ್ಲದಂಥ ಕಬ್ಬಿನ ಪಾಕ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ, ಮೀನು ಕರಿದ ಎಣ್ಣೆಯಾ ಅಂತ ವಿಚಾರಿಸಿ. ತೆಳ್ಳಗಿನ ಟೊಮೆಟೊ ತಣ್ಣನೆ ಸೂಪ್ ಗಸ್ಪಾಚೊ ಸಾಮಾನ್ಯವಾಗಿ ನಿರಾತಂಕ, ಆದರೂ ಮೇಲೆ ಮೊಟ್ಟೆ, ಹಮೋನ್ ಉದುರಿಸಬೇಡಿ ಅನ್ನಿ.

ಮಧ್ಯಾಹ್ನ ರೂಮಲ್ಲಿ ನಿದ್ದೆ. ಸಂಜೆ ಸಿ31 ಬಸ್ಸಲ್ಲಿ ಹಳೆಯ ಬಡಾವಣೆ ಆಲ್ಬಾಯ್ಸಿನ್‌ಗೆ, ಅಲ್ಹಾಂಬ್ರಾ ಎದುರಿಗೆ ಕಾಣುವ ಸಾನ್ ನಿಕೊಲಾಸ್ ಕಟ್ಟೆಗೆ, ಸೂರ್ಯಾಸ್ತಕ್ಕೆ 45 ನಿಮಿಷ ಮುಂಚೆ. ಅಲ್ಲಿ ಜೇಬುಗಳ್ಳರಿದ್ದಾರೆ. ನೆಲವೆಲ್ಲ ಉರುಟು ಕಲ್ಲು, ಅಮ್ಮನಿಗೆ ಚಪ್ಪಲಿ ಬೇಡ, ಶೂ ಹಾಕಿಸಿ.